ಪ್ಯಾಚ್ ಆಂಟೆನಾವನ್ನು ಅರ್ಧಕ್ಕೆ ಕತ್ತರಿಸಿದರೆ ಎಸ್-11 ಕೆಡುತ್ತಿದೆ (ವಿದ್ಯಾರ್ಥಿ ಸಿಮ್ಯುಲೇಷನ್ ಸ್ಪರ್ಧೆ)

ಸೆಮ್6:
ಎಲ್ಲರಿಗೂ ನಮಸ್ಕಾರ. ಸ್ಪರ್ಧೆಗೆ 2.45 ಗಿಗಾಹರ್ಟ್ಸ್ ಪ್ಯಾಚ್ ಆಂಟೆನಾ (ಬೋರ್ಡಿನ ಮೇಲೆ ಚಪ್ಪಟೆ ತಾಮ್ರದ ತುಂಡು, ಕೆಳಗೆ ಗ್ರೌಂಡ್ ತಗಡು) ಮಾಡುತ್ತಿದ್ದೇವೆ. ಎಫ್‌ಆರ್-4 ಬೋರ್ಡ್ (ಗಾಜುನಾರಿನದು), ದಪ್ಪ 1.6 ಮಿ.ಮೀ., ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ಬೋರ್ಡ್ ಸ್ಪಂದಿಸುವ ಅಳತೆ) 4.4, ಲಾಸ್ ಟ್ಯಾಂಜೆಂಟ್ (ಬೋರ್ಡ್ ನುಂಗುವ ಶಕ್ತಿಯ ಅಳತೆ) 0.02. ಪ್ಯಾಚ್ ಅಗಲ 37.3, ಉದ್ದ 28.8 ಮಿ.ಮೀ. ಫೀಡ್ ಲೈನ್ (ಪ್ಯಾಚ್‌ಗೆ ಸಿಗ್ನಲ್ ತರುವ ಪಟ್ಟಿ) 3 ಮಿ.ಮೀ. ಅಗಲ, ಅದು ಪ್ಯಾಚ್ ಒಳಗೆ ಹೋಗುವ ಆಳ, ಅಂದರೆ ಇನ್‌ಸೆಟ್ 9 ಮಿ.ಮೀ. ಫೈನೈಟ್ ಎಲಿಮೆಂಟ್ ಸಾಲ್ವರ್ (ಮಾದರಿಯನ್ನು ಸಣ್ಣ ತುಂಡುಗಳ ಬಲೆ, ಅಂದರೆ ಮೆಶ್, ಮಾಡಿ ಲೆಕ್ಕ ಹಾಕುವ ಸಾಫ್ಟ್‌ವೇರ್), ವೇವ್ ಪೋರ್ಟ್ (ಸಿಗ್ನಲ್ ಒಳಬಿಡುವ ಆಯತ), 2ರಿಂದ 3 ಗಿಗಾಹರ್ಟ್ಸ್ ಸ್ವೀಪ್.

ಪೂರ್ತಿ ಮಾದರಿಯಲ್ಲಿ ಎಸ್-11 (ಪೋರ್ಟಿಗೆ ಕೊಟ್ಟಿದ್ದರಲ್ಲಿ ವಾಪಸ್ ಬರುವ ಪಾಲು, ಇಳಿದಷ್ಟೂ ಒಳ್ಳೆಯದು) ಮೈನಸ್ 24 ಡಿಬಿವರೆಗೆ ಇಳಿಯುತ್ತೆ. ಆದರೆ 8 ಜಿಬಿ ರ‍್ಯಾಮ್ ಸಾಲದೆ, ಮೆಶ್ ಸಣ್ಣದಾಗಿಸುತ್ತಾ ಮತ್ತೆ ಮತ್ತೆ ಲೆಕ್ಕ ಹಾಕುವ ಕೊನೆಯ ಪಾಸ್‌ಗಳಲ್ಲಿ ನಿಂತುಹೋಗುತ್ತೆ. ಅದಕ್ಕೆ ಫೀಡ್ ಲೈನಿನ ನಡುಗೆರೆಯಲ್ಲಿ ಕತ್ತರಿಸಿ ಅರ್ಧ ಮಾತ್ರ ಇಟ್ಟುಕೊಂಡೆವು. ಕತ್ತರಿಸಿದ ಮುಖಕ್ಕೆ ಎಲೆಕ್ಟ್ರಿಕ್ ಗೋಡೆ (ಪರಿಪೂರ್ಣ ಲೋಹದಂತೆ ವರ್ತಿಸುವ ಬೌಂಡರಿ) ಕೊಟ್ಟರೆ ಗ್ರಾಫ್ 0 ಡಿಬಿಯಲ್ಲೇ ಅಡ್ಡಕ್ಕೆ ಮಲಗಿದೆ. ಮ್ಯಾಗ್ನೆಟಿಕ್ ಗೋಡೆ (ವಿದ್ಯುತ್ ಕ್ಷೇತ್ರ ತನ್ನ ಮೈಗುಂಟ ಹೋಗಲು ಬಿಡುವ ಬೌಂಡರಿ) ಕೊಟ್ಟರೆ ರೆಸೊನೆನ್ಸ್ ಬರುತ್ತೆ, ಆದರೆ ಮೈನಸ್ 9.5ರಿಂದ ಕೆಳಗಿಳಿಯಲ್ಲ. ಇನ್‌ಸೆಟ್ ಬದಲಾಯಿಸಬೇಕಾ? ಗೇನ್ (ಒಂದು ದಿಕ್ಕಿಗೆ ಎಷ್ಟು ಬಲವಾಗಿ ಹೊರಸೂಸುತ್ತೆ ಅನ್ನೋ ಅಳತೆ) 6.4 ಡಿಬಿಐ ಬಂದಿದೆ, ಅದು ಸರಿಯಿದೆ ಅನ್ಸುತ್ತೆ.

ಓಮ್‌ಕಾರ:
ಇನ್‌ಸೆಟ್ ಮುಟ್ಟಬೇಡಿ! ಆಂಟೆನಾ ಸರಿಯಾಗಿದೆ, ತಪ್ಪಿರುವುದು ಲೆಕ್ಕದಲ್ಲಿ.

ಮೊದಲು ಗೋಡೆಯ ವಿಷಯ. ಪ್ಯಾಚ್ ಕೆಳಗಿನ ವಿದ್ಯುತ್ ಕ್ಷೇತ್ರ ಗ್ರೌಂಡಿನಿಂದ ಪ್ಯಾಚ್‌ಗೆ ನೆಟ್ಟಗೆ ನಿಂತಿರುತ್ತೆ. ನೀವು ಕತ್ತರಿಸಿದ ಮುಖವೂ ನೆಟ್ಟಗೇ ಇದೆ, ಅಂದರೆ ಕ್ಷೇತ್ರ ಆ ಮುಖದ ಮೈಗುಂಟ ಹೋಗುತ್ತೆ. ಅಲ್ಲಿ ಎಲೆಕ್ಟ್ರಿಕ್ ಗೋಡೆ ಇಡುವುದೂ ಒಂದೇ, ಪ್ಯಾಚ್‌ನಿಂದ ಗ್ರೌಂಡ್‌ವರೆಗೆ ತಾಮ್ರದ ತಗಡು ನಿಲ್ಲಿಸಿ ಶಾರ್ಟ್ ಮಾಡುವುದೂ ಒಂದೇ. ಫೀಡ್ ಲೈನ್ ಕೂಡ ಶಾರ್ಟ್ ಆಗುವುದರಿಂದ ಪೋರ್ಟಿನಲ್ಲಿ ಹರಿಯುವ ತರಂಗವೇ (ಮೋಡ್) ಉಳಿಯಲ್ಲ, ಎಲ್ಲ ವಾಪಸ್. ಅದೇ ನಿಮ್ಮ 0 ಡಿಬಿ. ಮ್ಯಾಗ್ನೆಟಿಕ್ ಗೋಡೆಯೇ ಸರಿ.

ಇನ್ನು ಮೈನಸ್ 9.5. ಆ ಸಂಖ್ಯೆಯೇ ಕಳ್ಳನನ್ನು ಹಿಡಿದುಕೊಡುತ್ತೆ. ಲೈನನ್ನು ಉದ್ದಕ್ಕೆ ಸೀಳಿದರೆ ವೋಲ್ಟೇಜ್ ಅಷ್ಟೇ, ಕರೆಂಟ್ ಅರ್ಧ. ಹಾಗಾಗಿ 50 ಓಮ್ ಲೈನ್ 100 ಓಮ್ ಆಗಿ ಕಾಣುತ್ತೆ, ಆಂಟೆನಾ ಕೂಡ 100. ನೀವು ಪೋರ್ಟನ್ನು 50ಕ್ಕೆ ರೀನಾರ್ಮಲೈಸ್ ಮಾಡಿದ್ದೀರಿ, ಅಂದರೆ ಎಸ್-11 ಅನ್ನು 50 ಓಮ್‌ಗೆ ಹೋಲಿಸಿ ಲೆಕ್ಕ ಹಾಕಿಸಿದ್ದೀರಿ. (100−50)/(100+50), ಅಂದರೆ ಮೂರರಲ್ಲೊಂದು. ಡಿಬಿಗೆ ತಿರುಗಿಸಿ, ಮೈನಸ್ 9.54.

ಖಾತ್ರಿ ಬೇಕಿದ್ದರೆ ರೀನಾರ್ಮಲೈಸ್ ತೆಗೆದು ನೋಡಿ. ಎಸ್-11 ಮತ್ತೆ ಮೈನಸ್ 24ರ ಆಸುಪಾಸಿಗೆ ಬರಬೇಕು, ಪೋರ್ಟ್ ಇಂಪೀಡೆನ್ಸ್ 100ರ ಹತ್ತಿರ ತೋರಿಸಬೇಕು. ಆಮೇಲೆ ಇಂಪೀಡೆನ್ಸ್ ಮಲ್ಟಿಪ್ಲೈಯರ್ (ಪೋರ್ಟಿನ ಓಮ್ ಅನ್ನು ಗುಣಿಸುವ ಸಂಖ್ಯೆ) 0.5 ಕೊಟ್ಟು ರೀನಾರ್ಮಲೈಸ್ ವಾಪಸ್ ಹಾಕಿ. ಬೇರೆ ಯಾವುದಾದರೂ ಮಾದರಿಯಲ್ಲಿ ಎಲೆಕ್ಟ್ರಿಕ್ ಗೋಡೆ ಬಂದರೆ ಅಲ್ಲಿ 2, ಇದು ತಿರುಗುಮುರುಗಾಗುವುದೇ ಹೆಚ್ಚು.

ಬಲೆಗಾರ:
ಪೋರ್ಟ್ ಆಯತವನ್ನೂ ಅರ್ಧ ಮಾಡಿದ್ದೀರಿ ತಾನೇ? ಪೂರ್ತಿ ಮಾದರಿಗೆ ಪೋರ್ಟ್ ಅಗಲ 28 ಮಿ.ಮೀ. ಇದ್ದರೆ ಈಗ 14. ಒಂದು ಅಂಚು ಕತ್ತರಿಸಿದ ಮುಖಕ್ಕೆ, ಕೆಳ ಅಂಚು ಗ್ರೌಂಡಿಗೆ ಸರಿಯಾಗಿ ತಾಗಬೇಕು. ಎತ್ತರ 10ರಿಂದ 16 ಮಿ.ಮೀ. ಸಾಕು. ನಡುವೆ ಕೂದಲೆಳೆ ಸಂದು ಉಳಿದರೂ ಮೆಶ್ ಪೂರಾ ಅಲ್ಲೇ ಹೋಗಿ ತುಂಬಿಕೊಳ್ಳುತ್ತೆ, ಉಳಿಸಿದ ರ‍್ಯಾಮ್ ಮತ್ತೆ ಹೋಯ್ತು.

ಏರ್ ಬಾಕ್ಸ್ (ಆಂಟೆನಾ ಸುತ್ತ ಇಡುವ ಗಾಳಿಯ ಪೆಟ್ಟಿಗೆ) ಎಷ್ಟು ದೂರ?

ಸೆಮ್6:
ಪೋರ್ಟ್ ಅರ್ಧ ಮಾಡಿದ್ದೇವೆ. ಏರ್ ಬಾಕ್ಸ್ ಎಲ್ಲ ಕಡೆ 15 ಮಿ.ಮೀ. ಅದೂ ರ‍್ಯಾಮ್ ಉಳಿಸಲು. ಇನ್ನೊಂದು ಸಲ ಕತ್ತರಿಸಿ ಕಾಲುಭಾಗ ಮಾಡಬಹುದಾ?

ಬಲೆಗಾರ:
ಆಗಲ್ಲ. ಆ ದಿಕ್ಕಿನಲ್ಲಿ ಫೀಡ್ ಒಂದೇ ಕಡೆ ಇದೆ, ಸಿಮ್ಮೆಟ್ರಿ ಇಲ್ಲ.

15 ಮಿ.ಮೀ. ತೀರಾ ಹತ್ತಿರ. ರೇಡಿಯೇಷನ್ ಬೌಂಡರಿಗೆ (ಹೊರಬಂದ ತರಂಗ ನುಂಗುವ ಆ ಪೆಟ್ಟಿಗೆಯ ಗೋಡೆಗೆ) ಕಾಲು ತರಂಗಾಂತರವಾದರೂ ಬೇಕು, ಅದನ್ನೂ ಸ್ವೀಪಿನ ಕೆಳತುದಿಗೆ ಲೆಕ್ಕ ಹಾಕಬೇಕು. 2.45ಕ್ಕೆ 31 ಮಿ.ಮೀ., 2 ಗಿಗಾಹರ್ಟ್ಸ್‌ಗೆ 37.5. 40 ಇಡಿ. ಬೌಂಡರಿ ಹತ್ತಿರ ಇದ್ದರೆ ಎಸ್-11 ಚೆನ್ನಾಗೇ ಕಾಣುತ್ತೆ, ಕೆಡುವುದು ಪ್ಯಾಟರ್ನ್ (ಯಾವ ದಿಕ್ಕಿಗೆ ಎಷ್ಟು ಹೊರಸೂಸುತ್ತೆ ಅನ್ನೋ ಚಿತ್ರ). ಗಾಳಿಯ ಮೆಶ್ ದೊಡ್ಡದಾಗಿರುವುದರಿಂದ ರ‍್ಯಾಮ್ ನೀವು ಹೆದರುವಷ್ಟು ಏರಲ್ಲ.

ಡೆಲ್ಟಾ ಎಸ್ (ಒಂದು ಪಾಸ್‌ನಿಂದ ಮುಂದಿನದಕ್ಕೆ ಉತ್ತರ ಬದಲಾಗಬಹುದಾದ ಮಿತಿ) 0.02 ಇಟ್ಟು, ಸತತ ಎರಡು ಪಾಸ್ ತೇರ್ಗಡೆಯಾಗಬೇಕು ಅಂತ ಕೊಡಿ. ಒಂದೇ ಪಾಸ್ ಆದರೆ ಅದೃಷ್ಟಕ್ಕೂ ಕನ್ವರ್ಜ್ ಆಗಿಬಿಡುತ್ತೆ, ಅಂದರೆ ಉತ್ತರ ಸ್ಥಿರವಾದಂತೆ ಕಾಣುತ್ತೆ. ಅಡಾಪ್ಟಿವ್ ಆವರ್ತನ (ಮೆಶ್ ತಿದ್ದಲು ಬಳಸುವುದು) 2.45 ಇರಲಿ. ಪ್ರತಿ ಪಾಸ್‌ನ ರೆಸೊನೆನ್ಸ್ ಆವರ್ತನ ಬರೆದಿಟ್ಟು ಗ್ರಾಫ್ ಮಾಡಿ. ವರದಿಯಲ್ಲಿ ಬಣ್ಣಬಣ್ಣದ ತ್ರೀಡಿ ಪ್ಯಾಟರ್ನ್‌ಗಿಂತ ಆ ಒಂದು ಗ್ರಾಫ್‌ಗೆ ಬೆಲೆ ಜಾಸ್ತಿ.

ಓಮ್‌ಕಾರ:
ಗೇನ್ ಬಗ್ಗೆ ಹೇಳುವುದು ಮರೆತೆ. ಈ ದಪ್ಪದ ಎಫ್‌ಆರ್-4 ಮೇಲೆ 6.4 ಡಿಬಿಐ ಗೇನ್ ಬರಲ್ಲ. ಅದು ಡೈರೆಕ್ಟಿವಿಟಿ, ನಷ್ಟ ಲೆಕ್ಕಕ್ಕೆ ಹಿಡಿಯದ ಅಳತೆ. ಲಾಸ್ ಟ್ಯಾಂಜೆಂಟ್ 0.02 ಇದ್ದರೆ ಒಳಗೆ ಹೋದ ಪವರ್‌ನಲ್ಲಿ ಅರ್ಧದಷ್ಟು ಬೋರ್ಡ್ ಬಿಸಿ ಮಾಡುವುದಕ್ಕೇ ಹೋಗುತ್ತೆ. ರಿಯಲೈಸ್ಡ್ ಗೇನ್ (ನಷ್ಟಗಳನ್ನೆಲ್ಲ ಕಳೆದ ಗೇನ್) ತೆಗೆಯಿರಿ, 3ರ ಆಚೀಚೆ ಬಂದರೆ ನಂಬಬಹುದು.

ಅರ್ಧ ಮಾದರಿಯಲ್ಲಿ ಎಡವಿ ಬೀಳುವ ಇನ್ನೊಂದು ಹಳ್ಳ ಇದೆ. ಮುಖಕ್ಕೆ ಬರೀ ಮ್ಯಾಗ್ನೆಟಿಕ್ ಗೋಡೆ ಕೊಟ್ಟರೆ ಫಾರ್ ಫೀಲ್ಡ್ (ಆಂಟೆನಾದಿಂದ ದೂರದ ಕ್ಷೇತ್ರ) ಲೆಕ್ಕಕ್ಕೆ ಇನ್ನರ್ಧ ಇರುವುದೇ ಗೊತ್ತಾಗದಿರಬಹುದು. ಸಿಮ್ಮೆಟ್ರಿ ಬೌಂಡರಿ ಅಂತಲೇ ಬೇರೆ ಆಯ್ಕೆ ಇದ್ದರೆ ಅದನ್ನೇ ಬಳಸಿ. ಪವರ್ ಕೂಡ ನೋಡಿ, ಪೂರ್ತಿಗೆ 1 ವ್ಯಾಟ್ ಅಂದರೆ ಅರ್ಧಕ್ಕೆ 0.5. ಇಲ್ಲಿ ತಪ್ಪಿದರೆ ಗೇನ್ ಸರಿಯಾಗಿ 3 ಡಿಬಿ ಜಾರುತ್ತೆ.

ಸೆಮ್6:
ಮಲ್ಟಿಪ್ಲೈಯರ್ 0.5 ಕೊಟ್ಟ ಮೇಲೆ ಪೋರ್ಟ್ 50.4 ಓಮ್, ಎಸ್-11 ಮೈನಸ್ 23.6. ಏರ್ ಬಾಕ್ಸ್ 40 ಮಾಡಿದರೂ ರ‍್ಯಾಮ್ ಸಾಕಾಯ್ತು. ರಿಯಲೈಸ್ಡ್ ಗೇನ್ 2.9 ಡಿಬಿಐ. ನೀವು ಹೇಳಿದ್ದು ನಿಜ, ಮೊದಲು ಪ್ಲಾಟ್ ಮಾಡಿದ್ದು ಡೈರೆಕ್ಟಿವಿಟಿ. ಬೋರ್ಡ್ ಮಾಡಿಸಿದರೂ ಇದೇ ಆವರ್ತನ ಸಿಗುತ್ತಾ?

ಬಲೆಗಾರ:
ಎಫ್‌ಆರ್-4 ಅಲ್ವಾ, ಭಾಷೆ ಕೊಡಕ್ಕಾಗಲ್ಲ. ಪರ್ಮಿಟಿವಿಟಿ 4.4ರ ಬದಲು 4.2 ಇದ್ದರೆ ರೆಸೊನೆನ್ಸ್ ಸುಮಾರು 50 ಮೆಗಾಹರ್ಟ್ಸ್ ಮೇಲೆ ಹೋಗುತ್ತೆ. 4.2ರಿಂದ 4.6ರವರೆಗೆ 0.1ರ ಹೆಜ್ಜೆಯಲ್ಲಿ ಸ್ವೀಪ್ ಮಾಡಿ, ಐದೂ ಗೆರೆಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿ. ಅರ್ಧ ಮಾದರಿಯಲ್ಲಿ ಐದು ಓಟ ಒಂದು ರಾತ್ರಿಗೆ ಮುಗಿಯುತ್ತೆ.