ಪಿಎಕ್ಸ್‌ಇ ಎಂದು ಗೊತ್ತಾದ ಮೇಲೆ ಅಕ್ಕ ಕ್ಯಾಲ್ಸಿಯಂ ಇರುವ ಆಹಾರವನ್ನೆಲ್ಲ ಬಿಟ್ಟಿದ್ದಾಳೆ, ಇದು ಸರಿಯೇ?

ಪ್ರಶ್ನೆ

ನಮಸ್ಕಾರ. ನನ್ನ ಅಕ್ಕನಿಗೆ ಈಗ 34 ವರ್ಷ. ಶಾಲೆಗೆ ಹೋಗುತ್ತಿದ್ದ ದಿನಗಳಿಂದಲೂ ಅವಳ ಕತ್ತಿನ ಎರಡೂ ಪಕ್ಕಗಳಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ, ಹಳದಿ ಬಣ್ಣದ ಗುಳ್ಳೆಗಳು ಸಾಲಾಗಿ ಇದ್ದವು. ನೋವಾಗಲಿ ತುರಿಕೆಯಾಗಲಿ ಇಲ್ಲದ್ದರಿಂದ ಮನೆಯಲ್ಲಿ ಯಾರೂ ಅದನ್ನು ಕಾಯಿಲೆಯೆಂದು ಎಣಿಸಲಿಲ್ಲ. ಎರಡು ತಿಂಗಳ ಹಿಂದೆ ಕನ್ನಡಕದ ನಂಬರು ನೋಡಿಸಲು ಹೋದಾಗ, ಕಣ್ಣಿನ ವೈದ್ಯರು ಅಕ್ಷಿಪಟಲದ ಅಡಿಯಲ್ಲಿ ಬಿರುಕಿನಂಥ ಗೆರೆಗಳಿವೆ ಎಂದು ಹೇಳಿ, ಕತ್ತನ್ನೂ ಪರೀಕ್ಷಿಸಿ, ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದರು. ಬಯಾಪ್ಸಿಯಲ್ಲಿ ಚರ್ಮದ ಎಲಾಸ್ಟಿಕ್ ನಾರುಗಳು ತುಂಡುತುಂಡಾಗಿ ಅವುಗಳ ಮೇಲೆ ಕ್ಯಾಲ್ಸಿಯಂ ಕಟ್ಟಿರುವುದು ಕಂಡಿತು. ಕಾಯಿಲೆಯ ಹೆಸರು ಸ್ಯೂಡೋಕ್ಸಾಂಥೋಮಾ ಎಲಾಸ್ಟಿಕಮ್, ಅಂದರೆ ಪಿಎಕ್ಸ್‌ಇ.

ವರದಿ ಓದಿದ ದಿನದಿಂದ ಅಕ್ಕ ಕ್ಯಾಲ್ಸಿಯಂ ಇರುವ ಆಹಾರ ಯಾವುದನ್ನೂ ಮುಟ್ಟುತ್ತಿಲ್ಲ. ಆದರೆ ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಸರಿಯಾಗಿಯೇ ಇವೆ. ಹಾಗಿದ್ದ ಮೇಲೆ ಚರ್ಮದಲ್ಲಿ ಏಕೆ ಕಟ್ಟುತ್ತಿದೆ? ನಮ್ಮ ತಂದೆತಾಯಿಗೆ ಇಂಥದ್ದೇನೂ ಇಲ್ಲ. ನನಗೆ, ಅಥವಾ ಅವಳ ಆರು ವರ್ಷದ ಮಗಳಿಗೆ ಇದು ಬರಬಹುದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1 (ಜೀವರಸಾಯನಶಾಸ್ತ್ರದ ಅಧ್ಯಾಪಕ)

ನಿಮ್ಮ ಅಕ್ಕನ ಭಯ ಸಹಜವಾದದ್ದು, ಆದರೆ ಅವರು ಹಿಡಿದಿರುವ ದಾರಿ ಸರಿಯಲ್ಲ. ನಮ್ಮೆಲ್ಲರ ದೇಹದ್ರವಗಳಲ್ಲಿಯೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದರೊಡನೊಂದು ಸೇರಿ ಹರಳುಗಟ್ಟುವಷ್ಟು ಇದ್ದೇ ಇರುತ್ತವೆ. ಮೂಳೆ ಮತ್ತು ಹಲ್ಲಿನ ಹೊರಗೆ ಅವು ಗಟ್ಟಿಯಾಗದೆ ಉಳಿಯುವುದು ಅವುಗಳನ್ನು ತಡೆಹಿಡಿಯುವ ವಸ್ತುಗಳು ರಕ್ತದಲ್ಲಿ ಇರುವುದರಿಂದ, ಮತ್ತು ಅವುಗಳಲ್ಲಿ ಬಹಳ ಮುಖ್ಯವಾದದ್ದು ಪೈರೋಫಾಸ್ಫೇಟ್. ಪಿಎಕ್ಸ್‌ಇ ಇರುವವರಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುವುದಿಲ್ಲ, ಈ ತಡೆ ಕಡಿಮೆಯಾಗಿರುತ್ತದೆ.

ಕಾಯಿಲೆ ಕಾಣಿಸಿಕೊಳ್ಳುವುದು ಚರ್ಮದಲ್ಲಿ, ಕಣ್ಣಿನಲ್ಲಿ, ರಕ್ತನಾಳಗಳಲ್ಲಿ; ಅದರ ಮೂಲ ಇರುವುದು ಯಕೃತ್ತಿನಲ್ಲಿ. ನನಗೆ ಇಂದಿಗೂ ವಿಸ್ಮಯ ಹುಟ್ಟಿಸುವ ಸಂಗತಿ ಇದು. 2000ನೇ ಇಸವಿಯಲ್ಲಿ ಹಲವು ಸಂಶೋಧನಾ ತಂಡಗಳು ಎಬಿಸಿಸಿ6 ಎಂಬ ಜೀನ್‌ನ ದೋಷವೇ ಕಾರಣವೆಂದು ಕಂಡುಕೊಂಡಾಗ, ಆ ಜೀನ್ ಮುಖ್ಯವಾಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ ಎಂಬುದು ದೊಡ್ಡ ಒಗಟಾಯಿತು. ಅದು ಬಿಡಿಸಿಕೊಂಡದ್ದು 2013ರಲ್ಲಿ. ಎಬಿಸಿಸಿ6 ಪ್ರೋಟೀನ್ ಇದ್ದರೆ ಯಕೃತ್ತಿನ ಜೀವಕೋಶಗಳಿಂದ ಎಟಿಪಿ (ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣು) ಹೊರಬರುತ್ತದೆ, ಇಎನ್‌ಪಿಪಿ1 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ, ಕತ್ತರಿಸಿದಾಗ ಸಿಗುವ ತುಂಡುಗಳಲ್ಲಿ ಒಂದು ಪೈರೋಫಾಸ್ಫೇಟ್. ಜೀನ್ ಕೆಟ್ಟರೆ ಎಟಿಪಿ ಸಾಕಷ್ಟು ಹೊರಬಾರದೆ ರಕ್ತದಲ್ಲಿ ಪೈರೋಫಾಸ್ಫೇಟ್ ಇಳಿಯುತ್ತದೆ, ವರ್ಷಗಳು ಕಳೆದಂತೆ ಎಲಾಸ್ಟಿಕ್ ನಾರುಗಳ ಮೇಲೆ ಕ್ಯಾಲ್ಸಿಯಂ ಕಟ್ಟುತ್ತಾ ಹೋಗುತ್ತದೆ.

ಆದ್ದರಿಂದ ಕ್ಯಾಲ್ಸಿಯಂ ಪೂರ್ತಿ ಬಿಟ್ಟರೆ ನಷ್ಟವಾಗುವುದು ಅವರ ಮೂಳೆಗಳಿಗೆ. ಎಲ್ಲರಂತೆ ಹಿತಮಿತವಾಗಿ ಊಟ ಮಾಡಲಿ. ವೈದ್ಯರು ಹೇಳದೆ ಹೆಚ್ಚುವರಿ ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ನುಂಗುವುದು ಬೇಡ.

ಉತ್ತರ 2 (ಪಿಎಕ್ಸ್‌ಇ ಇರುವವರು)

ನನಗೆ 52 ವರ್ಷ, ಈ ಕಾಯಿಲೆಯೊಂದಿಗೇ ಬದುಕುತ್ತಿದ್ದೇನೆ. ನಿಮ್ಮ ಅಕ್ಕನವರ ಕಣ್ಣಿನ ವೈದ್ಯರು ಕತ್ತನ್ನೂ ನೋಡಿದ್ದು ದೊಡ್ಡ ಭಾಗ್ಯ. ಚರ್ಮ ಮತ್ತು ಕಣ್ಣು ಒಂದೇ ಕಾಯಿಲೆಯ ಎರಡು ಮುಖಗಳೆಂದು ಸ್ವೀಡನ್ನಿನ ನೇತ್ರವೈದ್ಯೆ ಎಸ್ಟರ್ ಗ್ರಾನ್‌ಬ್ಲಾಡ್ ಮತ್ತು ಚರ್ಮವೈದ್ಯ ಜೇಮ್ಸ್ ಸ್ಟ್ರಾಂಡ್‌ಬರ್ಗ್ 1929ರಲ್ಲಿಯೇ ತೋರಿಸಿಕೊಟ್ಟಿದ್ದರೂ, ನನ್ನ ಕತ್ತಿನ ಚರ್ಮವನ್ನು ನೋಡಿದವರು ಇದು ಬಿಸಿಲಿನಿಂದ ಆದದ್ದೆಂದು ಮುಲಾಮು ಕೊಟ್ಟು ಕಳುಹಿಸಿದ್ದರು. ಕಣ್ಣು ಪರೀಕ್ಷಿಸಿಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಅಕ್ಷಿಪಟಲದ ಅಡಿಯಲ್ಲಿ ಬ್ರೂಕ್ ಪೊರೆ ಎಂಬ ತೆಳುವಾದ ಪದರವಿದೆ. ಅದು ಸುಣ್ಣಗಟ್ಟಿ ಪೆಡಸಾಗಿ ಬಿರಿಯುತ್ತದೆ, ಆ ಬಿರುಕುಗಳೇ ಆಂಜಿಯಾಯ್ಡ್ ಗೆರೆಗಳು. ಬಿರುಕಿನ ಮೂಲಕ ಹೊಸ ರಕ್ತನಾಳಗಳು ನುಗ್ಗಿ ಸೋರಲಾರಂಭಿಸಿದಾಗಲೇ ನಡುದೃಷ್ಟಿಗೆ ಅಪಾಯ. ಒಂದು ಬೆಳಿಗ್ಗೆ ಬಾಗಿಲಿನ ಚೌಕಟ್ಟು ನಡುವೆ ಬಾಗಿದಂತೆ ಕಂಡಿತು. ನಿದ್ದೆ ಸಾಲದೆ ಹೀಗಾಗಿದೆ ಎಂದುಕೊಂಡು ಮೂರು ವಾರ ಸುಮ್ಮನಿದ್ದೆ, ಎಡಗಣ್ಣಿನಿಂದ ಓದುವ ಶಕ್ತಿ ಹೋಯಿತು. ಕೆಲವು ವರ್ಷಗಳ ನಂತರ ಬಲಗಣ್ಣಿನಲ್ಲಿ ಅದೇ ಬಾಗು ಕಂಡ ಮರುದಿನವೇ ಆಸ್ಪತ್ರೆಯಲ್ಲಿದ್ದೆ. ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚಿದರು. ಇದನ್ನು ಆ ಕಣ್ಣಿನಿಂದಲೇ ಓದಿ ಬರೆಯುತ್ತಿದ್ದೇನೆ.

ಆದ್ದರಿಂದ ಅಕ್ಕನವರಿಗೆ ಆಮ್ಸ್ಲರ್ ಹಾಳೆ ಕೊಡಿಸಿ. ಅದು ಚೌಕುಳಿ ಗೆರೆಗಳಿರುವ, ನಡುವೆ ಒಂದು ಚುಕ್ಕೆಯಿರುವ ಹಾಳೆ. ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆಯನ್ನೇ ದಿಟ್ಟಿಸಬೇಕು. ಗೆರೆ ಬಾಗಿದರೆ, ಮಸುಕಾದರೆ, ಮಾಯವಾದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ದೋಷವನ್ನು ಮುಚ್ಚಿಬಿಡುತ್ತದೆ. ತಲೆಗೆ, ಕಣ್ಣಿಗೆ ಪೆಟ್ಟು ಬೀಳುವಂಥ ಆಟಗಳು ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮಲ ಕಪ್ಪಾದರೆ ತಡಮಾಡಬಾರದು. ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದಾದರೆ ಅದು ಕಾಲಿನ ರಕ್ತನಾಳ ಕಿರಿದಾಗಿರುವುದರ ಸೂಚನೆ ಇರಬಹುದು. ಧೂಮಪಾನವಂತೂ ಕೂಡದು.

ಉತ್ತರ 3 (ಆನುವಂಶಿಕ ಸಲಹೆಗಾರ್ತಿ)

ಕುಟುಂಬದ ಬಗ್ಗೆ ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಈ ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎಬಿಸಿಸಿ6 ಜೀನ್‌ನ ಎರಡು ಪ್ರತಿಗಳೂ ದೋಷಪೂರಿತವಾಗಿರಬೇಕು. ನಿಮ್ಮ ತಂದೆತಾಯಿ ಇಬ್ಬರೂ ಒಂದೊಂದು ದೋಷಪ್ರತಿಯ ವಾಹಕರಾಗಿರುವ ಸಾಧ್ಯತೆಯೇ ಹೆಚ್ಚು, ಅದಕ್ಕಾಗಿಯೇ ಅವರು ಆರೋಗ್ಯವಾಗಿದ್ದಾರೆ. ಒಡಹುಟ್ಟಿದವರಾದ ನಿಮಗೆ ಕಾಯಿಲೆ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆಯವರಲ್ಲಿಯೂ ಇದರ ತೀವ್ರತೆ ಬಹಳ ಬೇರೆ ಬೇರೆಯಾಗಿರುವುದರಿಂದ, ಚರ್ಮ ಚೆನ್ನಾಗಿದೆ ಎಂದು ನಿಶ್ಚಿಂತರಾಗಬೇಡಿ. ಪಾಪೆ ಹಿಗ್ಗಿಸಿ ಮಾಡುವ ಕಣ್ಣಿನ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ಮೊದಲು ಅಕ್ಕನ ಜೀನ್ ಪರೀಕ್ಷೆಯಾಗಿ ದೋಷ ಎಲ್ಲಿದೆ ಎಂದು ಗೊತ್ತಾದರೆ, ನಿಮ್ಮಲ್ಲಿ ಆ ಎರಡು ಜಾಗಗಳನ್ನು ಮಾತ್ರ ನೋಡಿದರೆ ಸಾಕಾಗುತ್ತದೆ.

ಮಗುವಿಗೆ ತಾಯಿಯಿಂದ ಒಂದು ದೋಷಪ್ರತಿ ಖಂಡಿತವಾಗಿಯೂ ಬಂದಿರುತ್ತದೆ. ಆದರೆ ಅದರ ತಂದೆಯೂ ವಾಹಕರಾಗಿದ್ದರೆ ಮಾತ್ರ ಕಾಯಿಲೆಯ ಪ್ರಶ್ನೆ ಏಳುತ್ತದೆ. ಪಿಎಕ್ಸ್‌ಇ 50,000 ಜನರಲ್ಲಿ ಒಬ್ಬರಿಗೆ ಇದೆಯೆಂದು ಹಿಡಿದರೆ ವಾಹಕರು ಸುಮಾರು 110 ಜನರಲ್ಲಿ ಒಬ್ಬರು, ಹಾಗಾಗಿ ಮಗುವಿಗೆ ಬರುವ ಸಾಧ್ಯತೆ ಸುಮಾರು 220ರಲ್ಲಿ ಒಂದು. ದಂಪತಿ ರಕ್ತಸಂಬಂಧಿಗಳಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಆಗ ತಂದೆಯ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾವ ನಮಗೆ ಮೊದಲು ಸಂಬಂಧಿಕರಲ್ಲ. ಅಕ್ಕ ಮೊದಲಿನಂತೆ ಊಟ ಮಾಡುತ್ತಿದ್ದಾಳೆ, ಚೌಕುಳಿ ಹಾಳೆಯನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿದ್ದೇವೆ. ನನ್ನ ಕಣ್ಣಿನ ಪರೀಕ್ಷೆ ಮುಂದಿನ ವಾರ. ಅವಳದೊಂದು ಪ್ರಶ್ನೆ ಉಳಿದಿದೆ: ಕಡಿಮೆಯಾಗಿರುವುದು ಪೈರೋಫಾಸ್ಫೇಟ್ ಆದರೆ ಅದನ್ನೇ ಔಷಧವಾಗಿ ಕೊಡಬಾರದೇ?

ಉತ್ತರ 1 (ಜೀವರಸಾಯನಶಾಸ್ತ್ರದ ಅಧ್ಯಾಪಕ)

ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಪೈರೋಫಾಸ್ಫೇಟ್ ನುಂಗಿದರೆ ಅದರ ಅತ್ಯಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ, ಸೇರಿದ್ದನ್ನೂ ಕಿಣ್ವಗಳು ಬೇಗನೆ ಒಡೆದುಹಾಕುತ್ತವೆ. ಅದನ್ನೇ ಹೋಲುವ, ಆದರೆ ಸುಲಭವಾಗಿ ಒಡೆಯದ ಎಟಿಡ್ರೊನೇಟ್ ಎಂಬ ಹಳೆಯ ಔಷಧವನ್ನು ನೆದರ್ಲೆಂಡ್ಸ್‌ನಲ್ಲಿ ಪಿಎಕ್ಸ್‌ಇ ಇರುವ 74 ಜನರಲ್ಲಿ ಒಂದು ವರ್ಷ ಪರೀಕ್ಷಿಸಲಾಯಿತು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ತೊಡೆಯ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ತುಸು ಇಳಿಯಿತು, ಪಡೆಯದವರಲ್ಲಿ ಏರಿತು. ಆದರೆ ಇದೇ ಔಷಧ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಹೊಟ್ಟೆಗೆ ಹೋದರೆ ಮೂಳೆ ಗಟ್ಟಿಯಾಗುವುದನ್ನೂ ತಡೆಯುತ್ತದೆ. ಅದಕ್ಕಾಗಿಯೇ ಆ ಪ್ರಯೋಗದಲ್ಲಿ ಪ್ರತಿ 12 ವಾರಗಳಲ್ಲಿ ಎರಡು ವಾರ ಮಾತ್ರ ಕೊಟ್ಟಿದ್ದರು. ಅಕ್ಕನವರು ಮುಂದಿನ ಭೇಟಿಯಲ್ಲಿ ತಮ್ಮ ವೈದ್ಯರ ಮುಂದೆ ಈ ಮಾತನ್ನು ಎತ್ತಲಿ. ರಕ್ತನಾಳಗಳ ಸ್ಥಿತಿ, ಮೂಳೆಯ ಸಾಂದ್ರತೆ ಎರಡನ್ನೂ ನೋಡಿದ ನಂತರವೇ ಅವರು ತೀರ್ಮಾನಿಸಬೇಕಾದ ವಿಷಯ ಅದು.