ಮೊಬೈಲ್ ಆ್ಯಪ್‌ಗಳ ಶಿಫಾರಸು ಕೈಪಿಡಿ: ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು?

ಕಲ್ಸಂಕದ ಓದುಗ:
ಮಾನ್ಯರೇ, ಉಡುಪಿಯ ನಮ್ಮ ವಸತಿ ಸಮುಚ್ಚಯದಲ್ಲಿ ಹೆಚ್ಚಿನವರು ನಿವೃತ್ತರು. ಮಕ್ಕಳು ಬಳಸಿ ಬಿಟ್ಟ ಹಳೆಯ ಆಂಡ್ರಾಯ್ಡ್ ಫೋನುಗಳೇ ಹಲವರ ಕೈಯಲ್ಲಿವೆ. ಕನ್ನಡ ಟೈಪಿಂಗ್, ನಿಘಂಟು, ನಕ್ಷೆ, ಹವಾಮಾನ ಇವುಗಳಿಗೆ ಯಾವ ಆ್ಯಪ್ ಹಾಕಿಕೊಳ್ಳಬೇಕೆಂದು ಕೇಳುವವರಿಗಾಗಿ ಒಂದು ಕೈಪಿಡಿ ಬರೆಯಲು ಹೊರಟಿದ್ದೇನೆ. ಬಳಕೆದಾರರೇ ಬರೆದ ಇಂಥ ಪಟ್ಟಿಗಳು ಬೇಕಾದಷ್ಟಿದ್ದರೂ ಹೆಚ್ಚಿನವು 'ತುಂಬ ಚೆನ್ನಾಗಿದೆ, ಎಲ್ಲರೂ ಹಾಕಿಕೊಳ್ಳಿ' ಎಂಬಲ್ಲಿಗೇ ಮುಗಿಯುತ್ತವೆ. ಇದಕ್ಕಿಂತ ಉಪಯುಕ್ತವಾಗಿ ಬರೆಯುವುದು ಹೇಗೆ?

ಕದ್ರಿವಾಸಿ:
ಸರ್, ಪ್ರತಿ ಶಿಫಾರಸಿನ ಜೊತೆಗೂ ಪರೀಕ್ಷಿಸಿದ ತಿಂಗಳು, ವರ್ಷ, ಆ್ಯಪ್‌ನ ಆವೃತ್ತಿ ಮತ್ತು ಫೋನಿನ ಆಂಡ್ರಾಯ್ಡ್ ಆವೃತ್ತಿಯನ್ನು ತಪ್ಪದೆ ನಮೂದಿಸಿ. 2023ರಲ್ಲಿ ಬಂದ ಆಂಡ್ರಾಯ್ಡ್ 14, 2015ರ ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ಆವೃತ್ತಿಗಳಿಗೆಂದು ರೂಪಿಸಿದ ಆ್ಯಪ್‌ಗಳನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ಬಳಸುವ ಹೊತ್ತಿನಲ್ಲಿ ಒಂದೊಂದಾಗಿ ಅನುಮತಿ ಕೇಳುವ ಕ್ರಮ ಆರಂಭವಾದದ್ದೇ ಆ ಆರನೆಯ ಆವೃತ್ತಿಯಿಂದ. ಅದನ್ನು ತಪ್ಪಿಸಿಕೊಳ್ಳಲೆಂದೇ ಕೆಲವು ವಂಚಕ ಆ್ಯಪ್‌ಗಳು ಹಳೆಯ ಆವೃತ್ತಿಯ ವೇಷ ತೊಡುತ್ತಿದ್ದವು. ಹೀಗಾಗಿ ಹಳೆಯ ಪಟ್ಟಿಯೊಂದು ಹೊಗಳಿದ ಆ್ಯಪ್ ಹೊಸ ಫೋನಿಗೆ ಇಳಿಯದೆಯೇ ಹೋಗಬಹುದು.

ಇನ್ನು, ಅನುಮತಿ ಕಡಿಮೆ ಕೇಳುವ ಆ್ಯಪ್ಪೇ ಒಳ್ಳೆಯದೆಂಬ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ನೀವಿರುವ ಜಾಗದ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುವ ಆ್ಯಪ್ ಆದುದರಿಂದ ಅದು ಸ್ಥಳದ ಮಾಹಿತಿ ಕೇಳುವುದು ನ್ಯಾಯವೇ, ಅದರಲ್ಲೂ ಮಳೆಗಾಲಕ್ಕೆ ಮುಂಚಿನ ನಮ್ಮ ಕರಾವಳಿಯ ಗುಡುಗಿನ ಸಂಜೆಗಳಲ್ಲಿ. ನಿಘಂಟಿನ ಆ್ಯಪ್ ನಿಮ್ಮ ಸಂಪರ್ಕಪಟ್ಟಿ ಕೇಳಿದರೆ ಮಾತ್ರ ಅದನ್ನು ಕೈಬಿಡಿ. ಯಾವ ಅನುಮತಿ ಯಾವ ಕೆಲಸಕ್ಕೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದರೆ ಹಿರಿಯರ ಅರ್ಧ ಭಯ ಕಡಿಮೆಯಾಗುತ್ತದೆ.

ಮಲ್ಪೆಯಿಂದ:
ಕೀಲಿಮಣೆಗಳನ್ನು ತೂಗಿ ನೋಡುವಾಗ ಎಲ್ಲದರಲ್ಲಿಯೂ ಒಂದೇ ವಾಕ್ಯವನ್ನು ಟೈಪ್ ಮಾಡಿ, ಆ ವಾಕ್ಯವನ್ನು ಕೈಪಿಡಿಯಲ್ಲಿಯೂ ಕೊಡಿ. 'ಸೂರ್ಯ', 'ಸ್ವಾತಂತ್ರ್ಯ' ಸಾಮಾನ್ಯವಾಗಿ ಎಲ್ಲದರಲ್ಲಿಯೂ ಮೂಡುತ್ತವೆ. 'ರ‍್ಯಾಂಕ್' ಎಂದು ಬರೆಯಹೊರಟಾಗ ಅರ್ಕಾವೊತ್ತು ಬಂದು 'ರ್ಯಾಂಕ್' ಆಗಿಬಿಡುವಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಜಿಬೋರ್ಡ್‌ನಲ್ಲಿ ನೇರ ಕನ್ನಡ ವಿನ್ಯಾಸವೂ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ವಿಧಾನವೂ ಇರುವುದರಿಂದ, ಪರೀಕ್ಷಿಸಿದ್ದು ಯಾವುದನ್ನು ಎಂದು ಹೇಳದಿದ್ದರೆ ಓದುವವರಿಗೆ ಗೊಂದಲ.

ಕೊರತೆಗಳನ್ನೂ ಬರೆಯಿರಿ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ದಾರಿ ತಿಳಿಯುತ್ತದೆ. ಆದರೆ ಅದರ ಆಧಾರ ಸ್ವಯಂಸೇವಕರು ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಆದ್ದರಿಂದ ಯಾರೂ ಸೇರಿಸದ ಒಳದಾರಿ ಅಲ್ಲಿ ಇರದು, ಆಗುಂಬೆ ಘಾಟಿಯಲ್ಲಿ ಈಗಷ್ಟೇ ಮರ ಬಿದ್ದು ರಸ್ತೆ ಬಂದ್ ಆದುದೂ ತಿಳಿಯದು.

ಕಲ್ಸಂಕದ ಓದುಗ:
ಇಬ್ಬರಿಗೂ ಧನ್ಯವಾದಗಳು. ನಕ್ಷೆ ಮತ್ತು ಕೀಲಿಮಣೆಯ ಭಾಗವನ್ನು ಮೊದಲು ಬರೆದು ಇಲ್ಲಿ ಹಾಕುತ್ತೇನೆ. ಆಂಡ್ರಾಯ್ಡ್ 8 ಅಥವಾ 9ರ ಫೋನ್ ಇನ್ನೂ ಬಳಸುತ್ತಿರುವವರು ದಯವಿಟ್ಟು ಪರೀಕ್ಷಿಸಿ ತಿಳಿಸಬೇಕು.