ಲಂಡನ್, ಬರ್ಲಿನ್ ಓಡಾಟ: ನನಗೂ ಅಮ್ಮನಿಗೂ ಒಂದೇ ಕಾರ್ಡ್ ಸಾಕಾ?

ನೀಲಿಕೊಡೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಹೊರಟಿದ್ದೇನೆ. ಬುಧವಾರ ಲಂಡನ್ ತಲುಪುತ್ತೇವೆ, ಅಲ್ಲಿ ಐದು ದಿನ. ಆಮೇಲೆ ವಿಮಾನದಲ್ಲಿ ಬರ್ಲಿನ್‌ಗೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ಅಮ್ಮನಿಗೆ 67 ವರ್ಷ, ಮಂಡಿನೋವು ಬೇರೆ. ರೈಲು ಸ್ಟೇಷನ್ ಗೇಟಿನ ಮುಂದೆ ಅವರನ್ನು ನಿಲ್ಲಿಸಿಕೊಂಡು ನಾನು ತಡಕಾಡುವ ಹಾಗೆ ಆಗಬಾರದು ಅನ್ನೋದೇ ನನ್ನ ಚಿಂತೆ. ನನ್ನ ಹತ್ತಿರ ಟ್ಯಾಪ್ ಮಾಡುವ ಒಂದು ವೀಸಾ ಕಾರ್ಡ್ ಇದೆ. ಅದನ್ನೇ ಮೊದಲು ಅಮ್ಮನಿಗೆ, ಆಮೇಲೆ ನನಗೆ ಅಂತ ಎರಡು ಸಲ ಮುಟ್ಟಿಸಿದರೆ ನಡೆಯುತ್ತಾ? ಬಸ್ಸಿಗೆ ಚಿಲ್ಲರೆ ಬೇಕಾ?

ಹಾದಿಹೋಕ:
ನಡೆಯಲ್ಲ ಮೇಡಂ. ಲಂಡನ್‌ನಲ್ಲಿ ತಲೆಗೊಂದು ಕಾರ್ಡ್. ಟ್ಯೂಬ್‌ನಲ್ಲಿ, ಅಂದರೆ ಅಲ್ಲಿನ ಮೆಟ್ರೊದಲ್ಲಿ, ಸ್ಟೇಷನ್ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಮುಟ್ಟಿಸಬೇಕು. ಎಲ್ಲಿಂದ ಎಲ್ಲಿಗೆ ಹೋದಿರಿ ಅನ್ನೋ ಲೆಕ್ಕ ಆ ಕಾರ್ಡಿನ ಮೇಲೇ ನಿಂತಿರುತ್ತದೆ. ಅಮ್ಮನಿಗೆ ಬೇರೆ ಬ್ಯಾಂಕ್ ಕಾರ್ಡ್ ಕೊಡಿ. ಇಲ್ಲದಿದ್ದರೆ ಅಲ್ಲೇ ಸ್ಟೇಷನ್‌ನಲ್ಲಿ ಆಯ್ಸ್ಟರ್ ಕಾರ್ಡ್ (ದುಡ್ಡು ತುಂಬಿಸಿಕೊಂಡು ಬಳಸುವ ಪ್ರಯಾಣದ ಕಾರ್ಡ್) ಕೊಳ್ಳಿ. ದೊಡ್ಡವರ ದರ ಎರಡಕ್ಕೂ ಒಂದೇ. ಆದರೆ ಆಯ್ಸ್ಟರ್ ಕಾರ್ಡಿಗೆ ಕೊಟ್ಟ ದುಡ್ಡು ವಾಪಸ್ ಬರಲ್ಲ.

ಅದೇ ಕಾರ್ಡನ್ನು ಫೋನಿಗೂ ಹಾಕಿಕೊಂಡಿದ್ದರೆ ಹುಷಾರು. ಒಳಗೆ ಹೋಗುವಾಗ ಫೋನ್, ಹೊರಗೆ ಬರುವಾಗ ಕಾರ್ಡ್ ಮುಟ್ಟಿಸಿದರೆ ಅದು ಇಬ್ಬರು ಬೇರೆ ಬೇರೆ ಜನ ಅಂದುಕೊಳ್ಳುತ್ತದೆ. ಎರಡೂ ಅರ್ಧಕ್ಕೆ ನಿಂತ ಪ್ರಯಾಣ, ಎರಡಕ್ಕೂ ಗರಿಷ್ಠ ದರ. ನನಗೆ ಹೀಗೇ ಆಗಿತ್ತು. ಡಿಎಲ್‌ಆರ್ ಅನ್ನುವ ಅಲ್ಲಿನ ಇನ್ನೊಂದು ನಗರ ರೈಲಿನ ಎಷ್ಟೋ ಸ್ಟೇಷನ್‌ಗಳಲ್ಲಿ ಗೇಟೇ ಇಲ್ಲ, ಕಂಬದ ಮೇಲೆ ಹಳದಿ ರೀಡರ್ ಅಷ್ಟೇ. ಮಾತಾಡ್ತಾ ಹಾಗೇ ದಾಟಿ ಹೋಗಬೇಡಿ.

ಬಸ್ಸು ಸುಲಭ. 2014ರ ಜುಲೈಯಿಂದ ಅಲ್ಲಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಬೇಡ. ಹತ್ತುವಾಗ ಮಾತ್ರ ಮುಟ್ಟಿಸಿ, ಇಳಿಯುವಾಗ ಬೇಡ. ಒಮ್ಮೆ ಕೊಟ್ಟ ಮೇಲೆ ಒಂದು ಗಂಟೆಯೊಳಗೆ ಹತ್ತುವ ಬೇರೆ ಬಸ್ಸುಗಳಿಗೆ ದುಡ್ಡಿಲ್ಲ. ಅಮ್ಮನಿಗೆ ಮಂಡಿನೋವು ಅಂದಿರಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೆ ಆದಷ್ಟೂ ಬಸ್ಸಲ್ಲೇ ಸುತ್ತುತ್ತಿದ್ದೆ. ಟ್ಯೂಬ್‌ಗೇ ಹೋಗಬೇಕಾದರೆ ನಕ್ಷೆಯಲ್ಲಿ ಗಾಲಿಕುರ್ಚಿ ಗುರುತಿರುವ ಸ್ಟೇಷನ್ ನೋಡಿಕೊಳ್ಳಿ, ಅಲ್ಲಿ ಮೆಟ್ಟಿಲು ಹತ್ತದೆ ಹೋಗಬಹುದು. ಗೇಟುಗಳ ಸಾಲಿನಲ್ಲಿ ಸಾಮಾನ್ಯವಾಗಿ ಒಂದು ಅಗಲದ ಗೇಟ್ ಇರುತ್ತದೆ. ಅದರಲ್ಲೇ ಕರೆದುಕೊಂಡು ಹೋಗಿ.

ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕಡಿತ ಆಗಲ್ಲ ಅನ್ನುವ ಮಿತಿ ಇದೆ. ವಾರದ ಮಿತಿಯೂ ಇದೆ, ಆದರೆ ಅದರ ವಾರ ಸೋಮವಾರದಿಂದ ಭಾನುವಾರ. ಬುಧವಾರ ಇಳಿಯುವ ನಿಮಗೆ ಅದರಿಂದ ಅಷ್ಟೇನೂ ಲಾಭವಾಗಲಿಕ್ಕಿಲ್ಲ.

ಜೋಡಿಚಕ್ರ:
ಬರ್ಲಿನ್ ಪೂರ್ತಿ ಬೇರೆ ಲೆಕ್ಕ. ಅಲ್ಲಿ ಗೇಟೇ ಇಲ್ಲ, ನೇರ ಪ್ಲಾಟ್‌ಫಾರ್ಮಿಗೆ ಹೋಗಬಹುದು. ಟಿಕೆಟ್ ನೀವಾಗಿ ಕೊಳ್ಳಬೇಕು. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಬೀಳದ ಟಿಕೆಟ್ ಕೈಯಲ್ಲಿದ್ದರೂ ಇಲ್ಲದ ಹಾಗೇ.

ಇದು ನನಗೆ ಗೊತ್ತಾದದ್ದು ಜರ್ಮನಿಯ ಇನ್ನೊಂದು ಊರಿನಲ್ಲಿ. ದುಡ್ಡು ಕೊಟ್ಟು ಟಿಕೆಟ್ ತೆಗೆದಿದ್ದೆ, ಜೇಬಿನಲ್ಲಿ ಭದ್ರವಾಗಿತ್ತು. ಎದುರು ಸೀಟಿನಲ್ಲಿ ಸಾಮಾನ್ಯ ಬಟ್ಟೆಯಲ್ಲಿ ಕೂತಿದ್ದವರು ಎದ್ದು ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳಿದರು. ಮುದ್ರೆ ಇಲ್ಲ. 60 ಯೂರೋ ದಂಡ. ‘ಗೊತ್ತಿರಲಿಲ್ಲ’ ಅಂದೆ, ಅವರು ಶಾಂತವಾಗಿ ರಸೀದಿ ಬರೆದುಕೊಟ್ಟರು. ಸುತ್ತ ಕೂತವರೆಲ್ಲ ನನ್ನನ್ನು ಕಳ್ಳನ ಹಾಗೆ ನೋಡಿದ್ದು ಮಾತ್ರ ಇವತ್ತಿಗೂ ಮನಸ್ಸಿನಲ್ಲಿದೆ. ದುಡ್ಡಿಗಿಂತ ಅದೇ ಜಾಸ್ತಿ ನೋವು. ನಿಮ್ಮ ಅಮ್ಮನ ಎದುರು ಹಾಗಾಗುವುದು ಬೇಡ, ಅದಕ್ಕೇ ಇಷ್ಟು ಉದ್ದ ಬರೆದೆ.

ಇನ್ನೊಂದು. ಯಂತ್ರವೋ ಅಂಗಡಿಯೋ, ‘ನಿಮ್ಮ ದೇಶದ ಹಣದಲ್ಲಿ ಕೊಡ್ತೀರಾ?’ ಅಂತ ಕೇಳಿದರೆ ಬೇಡ ಅನ್ನಿ, ಯೂರೋವನ್ನೇ ಒತ್ತಿ. ಅವರ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ಕಾರ್ಡಿನಲ್ಲಿ ವಿದೇಶಿ ವಹಿವಾಟೂ ಟ್ಯಾಪ್ ಸೌಲಭ್ಯವೂ ಆನ್ ಆಗಿದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ನೀಲಿಕೊಡೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಬೇರೆ ಕಾರ್ಡ್ ಮಾಡಿಸುತ್ತೇನೆ. ಬರ್ಲಿನ್ ಏರ್‌ಪೋರ್ಟಿನಿಂದ ಊರೊಳಗೆ ಯಾವ ಟಿಕೆಟ್?

ಜೋಡಿಚಕ್ರ:
ಎಬಿಸಿ, ಅಂದರೆ ಎ, ಬಿ, ಸಿ ಮೂರೂ ವಲಯಗಳ ಟಿಕೆಟ್. ಏರ್‌ಪೋರ್ಟ್ ಇರುವುದು ಸಿ ವಲಯದಲ್ಲಿ, ಎಬಿ ಟಿಕೆಟ್ ಅಲ್ಲಿಗೆ ಸಲ್ಲಲ್ಲ. ಊರೊಳಗಿನ ಓಡಾಟಕ್ಕೆ ಎಬಿ ಸಾಕು. ಸಿಂಗಲ್ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಆದರೆ ಒಂದೇ ದಿಕ್ಕಿಗೆ. ಅದರಲ್ಲೇ ವಾಪಸ್ ಬರುವ ಹಾಗಿಲ್ಲ. ಇಬ್ಬರಿಗೂ ಬೇರೆ ಬೇರೆ ಟಿಕೆಟ್, ಎರಡಕ್ಕೂ ಮುದ್ರೆ.